ಏಳನೆಯ ಹೆಜ್ಜೆ



ಉತ್ಥಾನ ದ್ವಾದಶಿಯಂದು ನಮ್ಮ ಮನೆಮನೆಗಳಲ್ಲಿ ತುಳಸೀವಿವಾಹವು ನೆರವೇರುತ್ತದೆ. ವರ್ಷವರ್ಷವೂ ಹೊಸದಾಗಿ ಮದುವೆಯಾಗುವ ಆ ದಿವ್ಯದಂಪತಿಗಳ ಸನ್ನಿಧಿಯಲ್ಲಿ, ಮುಪ್ಪಿನ ದಾಂಪತ್ಯವನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಬಯಸುತ್ತೇನೆ.

ಸಪ್ತಪದಿಯನ್ನು ಸ್ಮರಿಸಿರಿ. ಆಶ್ವಲಾಯನರ ಕ್ರಮದಲ್ಲಿ ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಸಂತಾನಕ್ಕೆ, ಆರನೆಯದು ಋತುಗಳಿಗೆ. ಸಖ್ಯವು ಬರುವುದು ಏಳನೆಯ ಹೆಜ್ಜೆಗೆ. ಮಕ್ಕಳಾದರು, ವಯಸ್ಸು ಕಳೆಯಿತು, ಇನ್ನು ಗಂಡಹೆಂಡಿರಿಗೆ ಹತ್ತಿರವೇನು ದೂರವೇನು ಎನ್ನುವವರು ಆರನೆಯ ಹೆಜ್ಜೆಯಲ್ಲಿಯೇ ನಿಂತವರು. ನಾನೂ ಹಾಗೆ ನಿಂತವನೇ.

ನಮ್ಮಲ್ಲಿ ಪತಿಸೇವೆಯ ಕಥೆಗಳು ಹೇರಳ. ಪತ್ನಿಸೇವೆಯ ಕಥೆಗಳನ್ನು ಹುಡುಕಬೇಕು. ಆದಿಪರ್ವದಲ್ಲಿ ರುರುವು, ತಾನು ವರಿಸಿದ ಪ್ರಮದ್ವರೆಯು ಸರ್ಪದಂಶದಿಂದ ಅಸುನೀಗಿದಾಗ, ತನ್ನ ಆಯುಷ್ಯದ ಅರ್ಧವನ್ನಿತ್ತು ಅವಳನ್ನು ಬದುಕಿಸಿಕೊಂಡನು. ಅರ್ಧಾಯುಷ್ಯವನ್ನು ಒಮ್ಮೆಗೇ ಕೊಡುವುದಕ್ಕಿಂತ ಗಂಟೆಗಂಟೆಯಾಗಿ ಕೊಡುವುದು ಕಠಿಣವೆಂಬುದನ್ನು ನಾನು ಮನೆಯಲ್ಲಿಯೇ ಕಂಡೆನು.

ಸಿರುಗುಪ್ಪದಲ್ಲಿ ನಮ್ಮ ತಾಯಿಯವರಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲುಗಳ ಜೊತೆಗೆ ಮಾತೂ ಹೋಯಿತು. ತಂದೆಯವರು ಅರ್ಚಕರು. ಮಡಿಯುಟ್ಟಾಗ ಹೆಂಡತಿಯ ನೆರಳೂ ಸೋಕದಂತೆ ಐವತ್ತು ವರ್ಷ ನಡೆದವರು ಅವರ ಶೌಚ ಸ್ನಾನಗಳನ್ನು ತಾವೇ ಮಾಡಿಸತೊಡಗಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆಂದು ವೈದ್ಯರು ಹೇಳಿದ್ದರು. ಪೂಜೆಯ ನಡುವೆ ಎದ್ದು ಹೋಗಿ, ಮತ್ತೆ ಮಿಂದು ಬಂದು ಕೂಡುವರು. ನಾನು ಆಕ್ಷೇಪಿಸಿದಾಗ, “ದೇವರು ಕಾಯ್ತಾನಪ್ಪಾ, ಇಕಿ ಬೆನ್ನು ಕಾಯೂದಿಲ್ಲ” ಎಂದರು. ಸರ್ವಾಂತರ್ಯಾಮಿಯು ಆ ರೋಗಶಯ್ಯೆಯಲ್ಲಿಯೂ ಇರುವನೆಂಬುದನ್ನು ಪಾಠಶಾಲೆಯಲ್ಲಿ ಓದಿದ್ದೆ, ಓದಿದ್ದೆ, ಅಷ್ಟೆ.

ಮಕ್ಕಳು ಕೂಡಿ ಒಂದು ಏರ್ಪಾಡು ಮಾಡಿದೆವು. ತಾಯಿಯವರು ಕುರುಗೋಡಿನ ಅಕ್ಕನ ಮನೆಗೆ, ತಂದೆಯವರು ಬಳ್ಳಾರಿಯ ನನ್ನ ಮನೆಗೆ. ಹೆಂಗಸಿನ ಮೈಯನ್ನು ಹೆಂಗಸರೇ ನೋಡಿಕೊಳ್ಳಲಿ, ಈ ವಯಸ್ಸಿನಲ್ಲಿ ಜೊತೆಯಲ್ಲಿ ಮಲಗುವುದೇನು ಎಂಬುದು ನಮ್ಮ ವಿಚಾರ. ಅದರಲ್ಲಿ ದುರುದ್ದೇಶವಿರಲಿಲ್ಲ, ವಿವೇಕವೂ ಇರಲಿಲ್ಲ. ತಂದೆಯವರ ಊಟ ಅರ್ಧಕ್ಕಿಳಿಯಿತು. ಅತ್ತ ತಾಯಿಯವರು ಯಾರು ತುತ್ತು ಹಿಡಿದರೂ ಬಾಯಿ ತೆರೆಯರು. ನಾಲ್ಕನೆಯ ತಿಂಗಳಲ್ಲಿ ತಂದೆಯವರು ಕುರುಗೋಡಿನ ಬಸ್ಸು ಹತ್ತಿದವರು ಹಿಂದಿರುಗಲಿಲ್ಲ.

ಮುದುಕರಿಗೆ ದೇಹದ ಹಂಬಲವೇ ಎಂದು ನಗುವವರುಂಟು. ಧರ್ಮಕ್ಕೆ ವಿರೋಧವಿಲ್ಲದ ಕಾಮದಲ್ಲಿ ತಾನಿರುವೆನೆಂದು ಗೀತೆಯ ಏಳನೆಯ ಅಧ್ಯಾಯದಲ್ಲಿ ಭಗವಂತನು ನುಡಿದಿರುವಾಗ ನಗಲು ನಾವಾರು? ಆದರೆ ಹೆಂಡತಿಯು ಹಾಸಿಗೆ ಹಿಡಿದಾಗ, ಅಥವಾ ಮರೆವಿನ ರೋಗದಿಂದ ಗಂಡನನ್ನೇ ಗುರುತಿಸದಾದಾಗ, ಆ ಹಂಬಲವು ಅವಳ ಒಪ್ಪಿಗೆಯನ್ನು ಮೀರಿದರೆ ಅದು ಧರ್ಮವಲ್ಲ. ಮಾತಿಲ್ಲದವಳಿಗೂ ಇಚ್ಛೆಯುಂಟು. ತಲೆಗೆ ಎಣ್ಣೆ ಹಚ್ಚುವ ಮೊದಲು ತಂದೆಯವರು ಬಟ್ಟಲನ್ನು ತೋರಿಸಿ ಕಾಯುತ್ತಿದ್ದರು. ತಾಯಿಯವರು ಗೋಡೆಯತ್ತ ಮುಖ ತಿರುಗಿಸಿದರೆ ಮರುಮಾತಿಲ್ಲದೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂಡುವರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒಳಗೆ ಬಂದು ತೋರಿಸುವರು.

ಈಗ ಇಬ್ಬರೂ ಸಿರುಗುಪ್ಪದಲ್ಲಿಯೇ ಇದ್ದಾರೆ. ಹಗಲಿಗೆ ಒಬ್ಬ ಹೆಣ್ಣಾಳನ್ನು ಗೊತ್ತುಮಾಡಿದ್ದೇವೆ. ತಂದೆಯವರ ಸೊಂಟಕ್ಕೂ ವಯಸ್ಸಾಗಿದೆಯಷ್ಟೆ. ರಾತ್ರಿ ಎರಡು ಮಂಚಗಳನ್ನು ಕೂಡಿಸಿ ಹಾಕಿರುತ್ತಾರೆ. ಕಳೆದ ಏಕಾದಶಿಗೆ ಹೋಗಿದ್ದಾಗ, ದೀಪವಾರಿಸಿದ ಮೇಲೆ ತಂದೆಯವರ ಧ್ವನಿ ಕೇಳಿಸಿತು: “ಏನ, ನಿದ್ದಿ ಬಂತೇನ?” ಉತ್ತರವಾಗಿ ತಾಯಿಯವರ ಎಡಗೈಯ ಬಳೆ ಒಮ್ಮೆ ಸದ್ದು ಮಾಡಿತು.

ಶ್ರೀಕೃಷ್ಣಾರ್ಪಣಮಸ್ತು