ಕಾಲು ಯೂನಿಟ್ಟಿನ ಬೆಟ್ಟ

ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿ ಎಂಬ ಸಣ್ಣ ಊರಿದೆ. ಅಲ್ಲಿನ ಪೆಟ್ರೋಲ್ ಬಂಕಿನ ಬೋರ್ಡು ಈ ದಾರಿ ಹಿಡಿದವರಿಗೆಲ್ಲ ಬಹಳ ಕಾಲದಿಂದ ಗೊತ್ತು: ಮುಂದಿನ ಬಂಕು 365 ಕಿಲೋಮೀಟರ್ ದೂರದಲ್ಲಿ. ಲಾರಿಯವರು, ಬೈಕಿನವರು ಟ್ಯಾಂಕು ತುಂಬಿಸಿ, ಕ್ಯಾನಿನಲ್ಲೂ ಒಂದಿಷ್ಟು ಹಿಡಿದುಕೊಂಡು ಹೊರಡುತ್ತಾರೆ. ಸೈಕಲ್ಲಿನಲ್ಲಿ ಬಂದವರ ತಲೆಯಲ್ಲಿ ಆ ಬೋರ್ಡು ಬೇರೆಯೇ ಲೆಕ್ಕ ಹುಟ್ಟಿಸುತ್ತದೆ. ರೋಹ್ತಾಂಗ್ ಹಿಂದೆ ಬಿತ್ತು. ಮುಂದೆ ಬಾರಾಲಾಚಾ, ನಕೀ ಲಾ, ಲಾಚುಲುಂಗ್ ಲಾ, ತಂಗ್ಲಾಂಗ್ ಲಾ. ಕೊನೆಯದರ ಎತ್ತರ 5,328 ಮೀಟರ್. ಇಷ್ಟನ್ನೂ ಹತ್ತಿಳಿಯಲು ಈ ಎರಡು ಕಾಲುಗಳು ಎಲ್ಲಿಂದ ಶಕ್ತಿ ತರಬೇಕು?

ಜೊತೆಗಿದ್ದ ಗೆಳೆಯ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವನು. ತಾಂಡಿ ದಾಟಿದ ಆ ರಾತ್ರಿ ಕೇಲಾಂಗಿನಲ್ಲಿ ಊಟ ಮುಗಿಸಿ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಸವಾರ, ಸೈಕಲ್ಲು, ಚೀಲ, ನೀರು ಎಲ್ಲ ಸೇರಿ 100 ಕಿಲೋ ಎಂದಿಟ್ಟುಕೊಂಡರೆ, ಅದನ್ನು ನೆಟ್ಟಗೆ ಒಂದು ಕಿಲೋಮೀಟರ್ ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 0.27 ಯೂನಿಟ್. ಮನೆಯ ಮೀಟರಿನಲ್ಲಿ ಓಡುತ್ತದಲ್ಲ, ಅದೇ ಯೂನಿಟ್. ಕಾಲು ಯೂನಿಟ್ಟಿಗಿಂತ ಒಂಚೂರು ಜಾಸ್ತಿ. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಐದರಲ್ಲೊಂದು, ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲನ್ನಷ್ಟೇ ಕೆಲಸಕ್ಕೆ ತಿರುಗಿಸಬಲ್ಲವು, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಊಟದ ಲೆಕ್ಕದಲ್ಲಿ ಅದು ಸುಮಾರು 1,000 ಕ್ಯಾಲೊರಿ. ಅನ್ನ, ಬೇಳೆ, ನಾಲ್ಕು ರೊಟ್ಟಿ, ಒಂದಿಷ್ಟು ಬೆಲ್ಲ. ಒಂದು ಕಿಲೋಮೀಟರ್ ಎತ್ತರದ ಬೆಟ್ಟಕ್ಕೆ ಅಷ್ಟು ಸಾಕು.

ಆ ಚೀಟಿಯನ್ನು ನೋಡುತ್ತ ನಾನು ಬಹಳ ಹೊತ್ತು ಕೂತಿದ್ದೆ. ದೊಡ್ಡದನ್ನು ಕಂಡರೆ ಬೆರಗಾಗುತ್ತದೆ ಎಂದುಕೊಂಡೇ ನಾವು ಹಿಮಾಲಯಕ್ಕೆ ಹೋಗುತ್ತೇವೆ. ದೊಡ್ಡದನ್ನು ಕಂಡರೆ ಭಯವಾಗುತ್ತದೆ, ಭಕ್ತಿ ಹುಟ್ಟುತ್ತದೆ, ನಿಜ. ಆದರೆ ಇಷ್ಟು ದೊಡ್ಡದಕ್ಕೆ ಇಷ್ಟು ಸಣ್ಣದು ಸಾಕಾಗುತ್ತದಲ್ಲ ಎಂದು ಅರಿವಾದಾಗ ಮೈಯೊಳಗೆ ಎದ್ದೇಳುವುದೇ ಬೇರೆ. ಅದಕ್ಕೇ ನಾನು ಬೆರಗು ಎನ್ನುವುದು. ಆ ದಾರಿಯುದ್ದಕ್ಕೂ ನನಗೆ ಸಿಕ್ಕಿದ್ದು ಅದೇ.

ನಮ್ಮಂಥ ಸಾಮಾನ್ಯ ಸವಾರರು ಗಂಟೆಗಟ್ಟಲೆ ತುಳಿಯುವಾಗ ಹೊರಡುವ ಶಕ್ತಿ 100 ವ್ಯಾಟಿನ ಆಸುಪಾಸು. ಹಿಂದೆಲ್ಲ ನಡುಮನೆಯಲ್ಲಿ ಉರಿಯುತ್ತಿದ್ದ ಒಂದು ಬುರುಡೆ ಬಲ್ಬಿನಷ್ಟು. ಅಷ್ಟರಲ್ಲಿ ಏರಿನ ಮೇಲೆ ಗಂಟೆಗೆ ಐದಾರು ಕಿಲೋಮೀಟರ್ ಸಾಗಬಹುದು. ಆ ವೇಗಕ್ಕೆ ತನ್ನದೇ ಕಣ್ಣಿದೆ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ವಾಹನಗಳಲ್ಲಿ ಹೆಚ್ಚಿನವು 9 ಕಿಲೋಮೀಟರಿನ ಆ ಬಿಲದಲ್ಲಿ ನುಗ್ಗಿ ಆಚೆ ಬರುತ್ತವೆ. ರೋಹ್ತಾಂಗಿನ ಹಳೆಯ ದಾರಿಯ ಸದ್ದು ತಗ್ಗಿದೆ. ನಾವು ಅದೇ ದಾರಿಯಲ್ಲಿ ಹತ್ತಿದೆವು. ಬಂಡೆಯ ಸಂದಿಯಲ್ಲಿ ನೀಲಿ ಗಸಗಸೆ ಹೂ ಅರಳಿತ್ತು, ಕಾಂಡದ ತುಂಬ ಮುಳ್ಳು, ಎಸಳು ಮಾತ್ರ ಮುಟ್ಟಿದರೆ ಹರಿದುಹೋಗುವಷ್ಟು ತೆಳು. ಗೆಳೆಯ ಏನೂ ಹೇಳದೆ ಸೈಕಲ್ ನಿಲ್ಲಿಸಿದ. ನಾನೂ ನಿಲ್ಲಿಸಿದೆ.

ರೋಹ್ತಾಂಗ್ ಇಳಿದ ಮೇಲೆ ಚಂದ್ರಾ ನದಿ ಜೊತೆಯಾಗುತ್ತದೆ. ತಾಂಡಿಯವರೆಗೂ ಅದರ ಹರಿವಿನ ಜೊತೆಯಲ್ಲೇ ದಾರಿ. ಅಲ್ಲಿ ಭಾಗಾ ನದಿ ಬಂದು ಅದನ್ನು ಸೇರುತ್ತದೆ. ಎರಡೂ ಕೂಡಿ ಚಂದ್ರಭಾಗಾ, ಮುಂದೆ ಅದೇ ಚಿನಾಬ್. ತಾಂಡಿಯಿಂದಾಚೆಗೆ ನಾವು ಭಾಗಾದ ಎದುರು ಹತ್ತಬೇಕು. ಜಿಸ್ಪಾ, ದಾರ್ಚಾ ದಾಟಿ ಹತ್ತುತ್ತ ಹೋದಂತೆ ನದಿ ಹಳ್ಳವಾಗುತ್ತದೆ, ಹಳ್ಳ ತೊರೆಯಾಗುತ್ತದೆ, ಕೊನೆಗೆ ಸೂರಜ್ ತಾಲ್ ಎಂಬ ತಿಳಿನೀಲಿ ಕೆರೆಯಲ್ಲಿ ಮುಗಿಯುತ್ತದೆ. ಅದರ ತುಸು ಮೇಲೆಯೇ ಬಾರಾಲಾಚಾ. ಚಂದ್ರಾ ಹುಟ್ಟುವುದೂ ಅದೇ ಘಟ್ಟದಲ್ಲಿ, ಇನ್ನೊಂದು ಮಗ್ಗುಲಿನ ಹಿಮದಲ್ಲಿ. ಒಂದೇ ತಾವಿನಲ್ಲಿ ಹುಟ್ಟಿ, ಬೆನ್ನು ತಿರುಗಿಸಿ ಹರಿದು, ಒಂದು ಬೆಟ್ಟಸಾಲನ್ನೇ ಬಳಸಿ ಬಂದು ಕೂಡುತ್ತವೆ. ಲಾಹೌಲಿನವರು ಅವನ್ನು ಚಂದ್ರನ ಮಗಳು, ಸೂರ್ಯನ ಮಗ ಎಂದು ಕಥೆ ಹೇಳುತ್ತಾರೆ. ಅದೇ ಘಟ್ಟದ ಉತ್ತರಕ್ಕೆ ಯುನಾಮ್ ಎಂಬ ಮೂರನೆಯ ಹೊಳೆ ಹರಿದು ಚರಪ್ ಹೊಳೆಯನ್ನು, ಅದರ ಮೂಲಕ ಝನ್ಸ್ಕಾರವನ್ನು, ಕೊನೆಗೆ ಸಿಂಧುವನ್ನು ಸೇರುತ್ತದೆ. ಚಿನಾಬ್ ಕೂಡ ಪಂಜಾಬಿನ ಬಯಲು ದಾಟಿ ಸೇರುವುದು ಸಿಂಧುವನ್ನೇ. ಬಾರಾಲಾಚಾದಲ್ಲಿ ಒಂದು ಹಿಮದ ಹರಳು ಯಾವ ಇಳಿಜಾರಿಗೆ ಬಿದ್ದರೂ ಅದರ ನೀರು ತಲುಪುವುದು ಒಂದೇ ಕಡೆ.

"ಎಷ್ಟು ಸುತ್ತಿ ಬಂದ್ರೂ ಒಂದೇ ಹೊಳೆ ಅಲ್ವಾ ಮಾರಾಯ," ಎಂದ ಗೆಳೆಯ. ಇನ್ನೇನೂ ಮಾತಾಡಲಿಲ್ಲ. ಅಷ್ಟು ಎತ್ತರದಲ್ಲಿ ಮಾತಿಗೆ ಉಸಿರು ಖರ್ಚು ಮಾಡಲು ಮನಸ್ಸು ಬರುವುದಿಲ್ಲ.

ಈ ದಾರಿಯಲ್ಲಿ ಹೊತ್ತು ತಿಳಿಯುವುದು ನೀರಿನಿಂದ. ರಸ್ತೆಗೆ ಅಡ್ಡ ಹರಿಯುವ ನಾಲಾಗಳಲ್ಲಿ ಬೆಳಗ್ಗೆ ಪಾದ ಮುಳುಗುವಷ್ಟು ನೀರು. ಬಿಸಿಲೇರಿ ಮೇಲಿನ ಹಿಮ ಕರಗಿತೆಂದರೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮುಟ್ಟುತ್ತದೆ, ತಳದ ಗುಂಡುಕಲ್ಲು ಉರುಳುವ ಸದ್ದು ಕೇಳುತ್ತದೆ. ಹಾಗಾಗಿ ಕತ್ತಲಿರುವಾಗಲೇ ಏಳಬೇಕು. ನಾವು ಷೂ ಬಿಚ್ಚಿ ಕೊರಳಿಗೆ ನೇತುಹಾಕಿಕೊಂಡು, ಒಂದೊಂದೇ ಸೈಕಲ್ಲನ್ನು ಇಬ್ಬರೂ ಹಿಡಿದು ದಾಟಿಸುತ್ತಿದ್ದೆವು.

ಸರ್ಚು ಬಿಟ್ಟ ಮೇಲೆ ಗಾಟಾ ಲೂಪ್ಸ್. ಬೆಟ್ಟದ ಒಂದೇ ಮುಖದ ಮೇಲೆ 21 ತಿರುವು. ಆಗುಂಬೆಯ 14 ತಿರುವುಗಳನ್ನು ಬಲ್ಲ ಕಾಲಿಗೆ ತಿರುವು ಹೊಸದಲ್ಲ, ಆದರೆ ಆಗುಂಬೆಯಲ್ಲಿ ಮರದ ನೆರಳಿದೆ, ತೊಟ್ಟಿಕ್ಕುವ ಬಂಡೆಯಿದೆ. ಇಲ್ಲಿ ಒಂದು ಹುಲ್ಲುಕಡ್ಡಿಯ ನೆರಳೂ ಇಲ್ಲ. ದಾರಿಯಲ್ಲಿ ಒಂದು ಪುಟ್ಟ ಗುಡಿ, ಅದರ ಸುತ್ತ ರಾಶಿ ರಾಶಿ ನೀರಿನ ಬಾಟಲಿ. ಹಿಮದಲ್ಲಿ ಕೆಟ್ಟು ನಿಂತ ಲಾರಿಯನ್ನು ಕಾಯುತ್ತ ಉಳಿದ ಕ್ಲೀನರ್ ಒಬ್ಬ ಹಸಿವು, ಬಾಯಾರಿಕೆಯಿಂದ ಅಲ್ಲೇ ತೀರಿಕೊಂಡನಂತೆ, ಅವನ ಆತ್ಮ ಹಾದುಹೋಗುವವರ ಹತ್ತಿರ ನೀರು ಕೇಳುತ್ತದಂತೆ. ಕಥೆ ನಿಜವೋ ಅಲ್ಲವೋ, ನೀರು ನಿಜ. ಮೈಲಿಗಟ್ಟಲೆ ಹನಿ ನೀರು ಸಿಗದ ಕಡೆ, ಹೆಸರೂ ಗೊತ್ತಿಲ್ಲದ ಒಬ್ಬನ ಬಾಯಾರಿಕೆಯನ್ನು ನೆನೆದು ಲಾರಿ ಚಾಲಕರು ತಮ್ಮ ನೀರಿನಲ್ಲಿ ಒಂದು ಪಾಲು ಇಟ್ಟುಹೋಗುತ್ತಾರೆ. ನಾವೂ ಇಬ್ಬರ ಬಾಟಲಿಯಿಂದ ಒಂದಿಷ್ಟು ಕಲ್ಲಿನ ಮೇಲೆ ಸುರಿದೆವು. ಖಾಲಿ ಪ್ಲಾಸ್ಟಿಕ್ ಅಲ್ಲಿ ಗುಡ್ಡೆಯಾಗುತ್ತಿರುವುದು ನೋವಿನ ಸಂಗತಿ. ನೀರಷ್ಟೇ ಕೊಟ್ಟು ಬಾಟಲಿಯನ್ನು ವಾಪಸು ಒಯ್ಯುವುದೇ ಸರಿ ಎಂದು ನನಗನಿಸುತ್ತದೆ.

ಪಾಂಗ್ ಸುಮಾರು 4,600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಡೇರೆ ಡಾಬಾಗಳನ್ನು ನಡೆಸುವವರಲ್ಲಿ ಹೆಂಗಸರೇ ಹೆಚ್ಚು. ನೀರು ಅಲ್ಲಿ 85 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ ಬರಿ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಕುಕ್ಕರ್ ಕೂಗಲೇಬೇಕು. ಆ ನಿರ್ಜನದಲ್ಲಿ ಕುಕ್ಕರಿನ ಸೀಟಿ ಕೇಳಿದಾಗ ಆಗುವ ಸಮಾಧಾನವನ್ನು ನಾನು ಯಾವ ದೇವಸ್ಥಾನದ ಗಂಟೆಯಲ್ಲೂ ಕಂಡಿಲ್ಲ. ಅದೇ ತೆಳುಗಾಳಿ ನಮ್ಮೊಳಗೂ ಕೆಲಸ ಮಾಡುತ್ತಿತ್ತು. 5,300 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟೇ. ನಾವು ಹೇಳದೆಯೇ ಉಸಿರು ಆಳವಾಗುತ್ತದೆ. ಮೂತ್ರಪಿಂಡ ರಕ್ತದ ಕ್ಷಾರವನ್ನು ಹೊರಹಾಕಿ ಆ ಉಸಿರಾಟಕ್ಕೆ ದಾರಿ ಮಾಡಿಕೊಡುತ್ತದೆ. ಕೆಲವೇ ಗಂಟೆಗಳಲ್ಲಿ ಅದೇ ಮೂತ್ರಪಿಂಡದಿಂದ ಒಂದು ಹಾರ್ಮೋನು ಹೊರಟು ಮೂಳೆಯ ಮಜ್ಜೆಗೆ ಇನ್ನಷ್ಟು ಕೆಂಪುರಕ್ತ ಕಣ ಮಾಡಲು ಹೇಳುತ್ತದೆ. ಕರಾವಳಿ, ಮಲೆನಾಡಿನಲ್ಲೇ ಬೆಳೆದ ಮೈಗೆ ಈ ಪಾಠವನ್ನು ಯಾರು, ಯಾವಾಗ ಹೇಳಿಕೊಟ್ಟಿದ್ದರು? ರಾತ್ರಿ ಡೇರೆಯಲ್ಲಿ ಮಲಗಿ ಪಕ್ಕದವನ ಉಸಿರು ಏರುವುದು, ಇಳಿಯುವುದು, ಒಮ್ಮೊಮ್ಮೆ ನಿಂತು ಮತ್ತೆ ಜೋರಾಗಿ ಶುರುವಾಗುವುದು ಕೇಳುತ್ತಿದ್ದೆ. ಎತ್ತರದಲ್ಲಿ ನಿದ್ದೆಯ ಉಸಿರು ಹಾಗೆಯೇ ಎಂದು ಗೊತ್ತಿತ್ತು. ಆದರೂ ಅದು ಮತ್ತೆ ಶುರುವಾಗುವ ತನಕ ನಾನು ನನ್ನದನ್ನು ಹಿಡಿದುಕೊಂಡಿರುತ್ತಿದ್ದೆ.

ಪಾಂಗ್ ಏರಿ ಬಂದರೆ ಮೋರೆ ಬಯಲು. ಸುಮಾರು 40 ಕಿಲೋಮೀಟರ್ ಉದ್ದದ ಚಪ್ಪಟೆ ನೆಲ. ದೂರದಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡು, ಇನ್ನೂ ದೂರದಲ್ಲಿ ಪಶ್ಮೀನಾ ಮೇಕೆ ಕಾಯುವ ಚಾಂಗ್ಪಾಗಳ ಡೇರೆ. ಏರು ಮುಗಿಯಿತೆಂದು ಹಿಗ್ಗುವಷ್ಟರಲ್ಲಿ ಮಧ್ಯಾಹ್ನದ ಗಾಳಿ ಎದುರಿನಿಂದ ಬಂತು. ಏರಿನಲ್ಲಿ ತಿರುವು ಕಾಣುತ್ತದೆ, ಅಷ್ಟು ತುಳಿದರೆ ಮುಗಿಯಿತು ಎಂಬ ಆಸೆಯಿರುತ್ತದೆ. ಗಾಳಿಗೆ ತಿರುವಿಲ್ಲ. ಚಪ್ಪಟೆ ರಸ್ತೆಯಲ್ಲಿ ಏರಿನ ಗಿಯರ್ ಹಾಕಿಕೊಂಡು ತುಳಿದರೂ ಎದುರಿನ ಬೆಟ್ಟ ಹತ್ತಿರ ಬರಲೊಲ್ಲದು.

ಸರದಿಯ ಮೇಲೆ ಮುಂದೆ ಹೋಗುವುದೆಂದು ಮಾಡಿಕೊಂಡೆವು. ಮುಂದಿನವನ ಹಿಂದಿನ ಚಕ್ರಕ್ಕೆ ಹತ್ತಿರವಾಗಿ ಹಿಂದಿನವನು. ಹಿಂದಿರುವವನಿಗೆ ಗಾಳಿಯ ತಡೆ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ತಗ್ಗುತ್ತದೆ. ಇದು ಸೈಕಲ್ ಪಂದ್ಯ ನೋಡಿದವರಿಗೆಲ್ಲ ಗೊತ್ತಿರುವುದೇ. ಮುಂದಿರುವವನು ದುಡಿಯುತ್ತಾನೆ, ಹಿಂದಿರುವವನು ಉಣ್ಣುತ್ತಾನೆ, ಅದಕ್ಕೇ ಸರದಿ ಎಂದು ನಾನೂ ನಂಬಿದ್ದೆ. ಒಂದು ಕಡೆ ನೀರು ಕುಡಿಯಲು ನಿಂತಾಗ ಗೆಳೆಯ, "ನೀನು ಹಿಂದೆ ಇದ್ದಾಗ ಎಳೆತ ಕಮ್ಮಿ ಅನ್ನಿಸ್ತದೆ ಕಣೋ. ಮನಸ್ಸಿನ ಭ್ರಮೆಯೋ ಏನೋ," ಎಂದ. ನಾನೂ ಭ್ರಮೆ ಎಂದೇ ಅಂದುಕೊಂಡೆ.

ಊರಿಗೆ ಬಂದ ಮೇಲೆ ಅವನೇ ಹುಡುಕಿ ಓದಿ ಹೇಳಿದ. ಸೈಕಲ್ ಸವಾರನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಒಂದು ಪೊಳ್ಳು ಉಂಟಾಗುತ್ತದೆ, ಅದು ಅವನನ್ನು ಹಿಂದಕ್ಕೆ ಸೆಳೆಯುತ್ತದೆ. ಹಿಂದೆ ಇನ್ನೊಬ್ಬ ಹತ್ತಿರವಿದ್ದರೆ ಆ ಸೆಳೆತ ತುಸು ಕುಗ್ಗುತ್ತದೆ. ಗಾಳಿಯ ಸುರಂಗಗಳಲ್ಲಿ, ಕಂಪ್ಯೂಟರಿನಲ್ಲಿ ಅಳೆದು ನೋಡಿದ್ದಾರೆ. ಉಳಿತಾಯ ನೂರಕ್ಕೆ ಎರಡೋ ಮೂರೋ ಪಾಲು, ಅಷ್ಟೇ. ಅವನಿಗೆ ಕಾಲಿನಲ್ಲಿ ತಿಳಿದದ್ದು ಅದೋ, ಬರಿಯ ಧೈರ್ಯವೋ, ಬೇರೆ ಮಾಡಿ ಹೇಳುವುದು ಕಷ್ಟ. ಆದರೆ ಹಿಂದೆ ಬರುವವನು, ಏನೂ ಮಾಡದೆ, ಸುಮ್ಮನೆ ಹತ್ತಿರ ಇರುವುದರಿಂದಲೇ ಮುಂದಿನವನ ಭಾರವನ್ನು ಒಂದಿಷ್ಟು ಹೊರುತ್ತಾನೆ ಎಂಬ ಸಂಗತಿ ನನ್ನ ಮಟ್ಟಿಗೆ ಆ ಪ್ರಯಾಣದ ಎಲ್ಲ ಶಿಖರಗಳಿಗಿಂತ ಎತ್ತರದ್ದು. ಸ್ನೇಹದ ಬಗ್ಗೆ ಓದಿದ್ದು ಬಹಳ ಇದೆ. ಇಷ್ಟು ನಿಖರವಾಗಿ ಯಾರೂ ಹೇಳಿರಲಿಲ್ಲ.

ಅಂದಿನಿಂದ ಹಳೆಯ ಸೈಕಲ್ ಯಾತ್ರೆಗಳನ್ನು ನೆನೆದಾಗ ಜೊತೆಗಾರರ ಕಡೆಗೇ ಮನಸ್ಸು ಹೋಗುತ್ತದೆ. 1923ರಲ್ಲಿ ಬೊಂಬಾಯಿಯಿಂದ ಆರು ಪಾರ್ಸಿ ತರುಣರು ಲೋಕ ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗಾರಾ ಎಂಬ ಮೂವರು ಮಾತ್ರ ಪೂರೈಸಿ 1928ರಲ್ಲಿ ಮರಳಿದರು. ಕ್ರಮಿಸಿದ್ದು 71,000 ಕಿಲೋಮೀಟರ್. ಮರುಭೂಮಿ, ಆಲ್ಪ್ಸ್, ಕಾಡು ಎಲ್ಲ ಆಯಿತು. ಅವರ ಎದುರುಗಾಳಿಯಲ್ಲಿ ಯಾರ ಹಿಂದೆ ಯಾರಿದ್ದರೋ!

ತಂಗ್ಲಾಂಗ್ ಲಾ ಹತ್ತಿದ್ದನ್ನು ಹೆಚ್ಚು ವರ್ಣಿಸಲಾರೆ. ನೂರು ಹೆಜ್ಜೆ ತುಳಿ, ನಿಲ್ಲು, ಉಸಿರು ತೆಗೆದುಕೋ, ಮತ್ತೆ ತುಳಿ. ಮೇಲೆ ಪ್ರಾರ್ಥನೆಯ ಬಾವುಟ, ಬೋರ್ಡು, ಗಾಳಿ. ಇಬ್ಬರೂ ಕೈ ಹಿಡಿದುಕೊಂಡು ಕಲ್ಲಿನ ಮೇಲೆ ಕೂತೆವು. ನಾವು ದಾಟಿ ಬಂದ ಲಾಹೌಲ್, ಝನ್ಸ್ಕಾರದ ಶಿಲಾಪದರಗಳಲ್ಲಿ ಸಮುದ್ರಜೀವಿಗಳ ಪಳೆಯುಳಿಕೆಗಳಿವೆ. ಅವೆಲ್ಲ ಒಂದು ಕಾಲಕ್ಕೆ ಟೆಥಿಸ್ ಕಡಲಿನ ತಳ. ಸುಮಾರು 5 ಕೋಟಿ ವರ್ಷದ ಹಿಂದೆ ನಮ್ಮ ಭೂಖಂಡ ತೇಲುತ್ತ ಬಂದು ಏಷ್ಯಾಕ್ಕೆ ಗುದ್ದಿದಾಗ ಆ ತಳವೇ ಮೇಲೆದ್ದಿತು. ಗುದ್ದಿದ ನೆಲದ ಹಳೆಯ ಗಟ್ಟಿಭಾಗಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಚಿತ್ರದುರ್ಗದ ಬಂಡೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ, ಅವುಗಳ ಮುಂದೆ ಹಿಮಾಲಯ ಇನ್ನೂ ಹಸುಗೂಸು. ಆ ತಳ್ಳಾಟ ನಿಂತಿಲ್ಲ. ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಿನಂತೆ ನಮ್ಮ ಊರು, ಮನೆ, ಅಡಿಕೆ ತೋಟ ಸಮೇತ ಇಡೀ ನೆಲ ಈಗಲೂ ಈ ದಿಕ್ಕಿಗೇ ಸಾಗುತ್ತಿದೆ. ಉಗುರು ಬೆಳೆಯುವಷ್ಟೇ ನಿಧಾನದ ನಡಿಗೆ, ಅಷ್ಟರಿಂದಲೇ ಇಷ್ಟೆಲ್ಲ ಎದ್ದಿದೆ. ಗೆಳೆಯನ ಕಣ್ಣಲ್ಲಿ ನೀರಿತ್ತು. ಗಾಳಿಗೆ ಬಂದದ್ದಲ್ಲ ಎಂದು ನನಗೆ ಗೊತ್ತು, ಏಕೆಂದರೆ ನನಗೂ ಬಂದಿತ್ತು.

ಆಮೇಲೆ ಇಳಿಜಾರು. ರುಮ್ಸೆಯಲ್ಲಿ ಬಾರ್ಲಿ ಗದ್ದೆಯ ಹಸಿರು, ಉಪ್ಶಿಯಲ್ಲಿ ಸಿಂಧೂ, ಮರುದಿನ ಲೇಹ್. ಸಂತೋಷವಾಯಿತು.

ಈ ದಾರಿ ಬೇಸಿಗೆಯ ಕೊನೆಯಿಂದ ಚಳಿಗಾಲದ ಮೊದಲವರೆಗಷ್ಟೇ ತೆರೆದಿರುತ್ತದೆ. ಹಿಮ ಬಿದ್ದರೆ ಮುಚ್ಚುತ್ತದೆ. ಹೋಗುವ ಆಸೆಯಿದ್ದವರು ವಯಸ್ಸಾಯಿತೆಂದು, ದುಬಾರಿ ಸೈಕಲ್ ಇಲ್ಲವೆಂದು ಹಿಂಜರಿಯಬೇಡಿ. ಮೊದಲು ಊರಿನ ಹತ್ತಿರದ ಘಟ್ಟಗಳಲ್ಲಿ ತಿಂಗಳುಗಟ್ಟಲೆ ತುಳಿಯಿರಿ, ವೈದ್ಯರಿಗೆ ತೋರಿಸಿಕೊಳ್ಳಿ. ದಿನಕ್ಕೆ ತುಸುವೇ ಎತ್ತರ ಏರಿ, ಅವಸರ ಮಾಡಬೇಡಿ. ಒಬ್ಬರೇ ಹೋಗಬೇಡಿ. ತಲೆನೋವು, ವಾಕರಿಕೆ ಶುರುವಾದರೆ ಜೊತೆಯವರಿಂದ ಮುಚ್ಚಿಡಬೇಡಿ. ಅದು ಹೆಚ್ಚಾಗುತ್ತ ಹೋದರೆ ಘಟ್ಟ ಎಷ್ಟೇ ಹತ್ತಿರವಿರಲಿ, ಇಬ್ಬರೂ ಒಟ್ಟಿಗೆ ಕೆಳಗಿಳಿಯಿರಿ.