ಹನಿ ನಿಲ್ಲದವರ ನಮಾಜು

ಇಸ್ಲಾಮಿನ ಫಿಖ್ಹ್ ಗ್ರಂಥಗಳು ಸಾಮಾನ್ಯವಾಗಿ ಶುರುವಾಗುವುದು ಶುಚಿತ್ವದ ಅಧ್ಯಾಯದಿಂದ. ನಮಾಜಿನ ಮಾತು ಆಮೇಲೆ. ಮೂತ್ರ, ರಕ್ತ, ಕೀವು, ವಾಯು ಇವುಗಳ ಬಗ್ಗೆ ಪುಟಗಟ್ಟಲೆ ಚರ್ಚೆ. ದೇವರ ಮುಂದೆ ನಿಲ್ಲುವುದಕ್ಕೆ ಇಷ್ಟೊಂದು ಹೊಲಸಿನ ಲೆಕ್ಕವೇಕೆ ಎಂದು ಗೆಳೆಯರು ನಗುತ್ತಾರೆ. ಸಂಶೋಧನೆಗಾಗಿ ಓದುತ್ತಾ ಹೋದಂತೆ ನನಗೆ ನಗು ಬರುವುದು ಕಡಿಮೆಯಾಯಿತು.

ನಂಜನಗೂಡಿನಲ್ಲಿ ಬೆಳೆದವರಿಗೆ ಮಡಿ ಎಂದರೇನೆಂದು ವಿವರಿಸಬೇಕಿಲ್ಲ. ಕಪಿಲೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ನಂಜುಂಡೇಶ್ವರನ ಗುಡಿಗೆ ನಡೆಯುವವರನ್ನು ದಿನವೂ ನೋಡುತ್ತೇವೆ. ನಮ್ಮ ಮನೆಗಳಲ್ಲಿ ಅದಕ್ಕೆ ಪಾಕಿ ಅನ್ನುತ್ತಾರೆ. ಮುಖ, ಮೊಣಕೈವರೆಗೆ ಕೈ, ಕಾಲು ತೊಳೆದು ತಲೆ ಸವರಿಕೊಂಡರೆ ವುಜೂ ಆಯಿತು. ಒಂದು ಹನಿ ಮೂತ್ರ ಬಂದರೂ ಅದು ಮುರಿಯುತ್ತದೆ.

ಟಿ. ನರಸೀಪುರದಲ್ಲಿದ್ದ ನನ್ನ ನಾನಾಗೆ ಎಪ್ಪತ್ತು ದಾಟಿದ ಮೇಲೆ ಪ್ರಾಸ್ಟೇಟ್ ತೊಂದರೆ ಶುರುವಾಯಿತು. ಬಗ್ಗಿದರೆ ಹನಿ, ಎದ್ದರೆ ಹನಿ. ಜುಮ್ಮಾಕ್ಕೆ ಹೋಗುವುದನ್ನೂ ಬಿಟ್ಟರು. ಮನೆಯವರಿಗೆ ಮಂಡಿನೋವು ಎಂದಿದ್ದರು. ನನ್ನೊಬ್ಬನ ಹತ್ತಿರ ಮಾತ್ರ, "ಮೈ ಪಾಕ್ ಇಲ್ಲ ಬೇಟಾ, ಏನಂತ ಹೋಗಿ ನಿಲ್ಲಲಿ" ಅಂದರು.

ಅವರಿಗಾಗಿಯೇ ಒಂದು ಕಾಯಿದೆ ಸಾವಿರ ವರ್ಷಕ್ಕೂ ಹಿಂದಿನಿಂದ ಇದೆ. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಪಂಥದ ಪ್ರಕಾರ, ಒಂದು ನಮಾಜಿನ ಹೊತ್ತು ಪೂರ್ತಿ ಕಳೆದರೂ ವುಜೂ ಮಾಡಿ ಕಡ್ಡಾಯದ ನಮಾಜು ಮುಗಿಸುವಷ್ಟು ಬಿಡುವು ಕೊಡದೆ ಹನಿ ಬೀಳುತ್ತಿದ್ದರೆ ಅವರು ಮಾಜೂರ್. ಆಮೇಲೆ ಪ್ರತಿ ಹೊತ್ತಿನಲ್ಲೂ ಒಮ್ಮೆ ಹನಿ ಕಂಡರೆ ಸಾಕು, ರಿಯಾಯಿತಿ ಮುಂದುವರಿಯುತ್ತದೆ. ಹೊತ್ತಿಗೊಂದು ವುಜೂ, ಆ ಹೊತ್ತು ಮುಗಿಯುವವರೆಗೆ ಎಷ್ಟು ಹನಿ ಬಿದ್ದರೂ ಅದು ಮುರಿಯದು. ತೊಳೆದ ಬಟ್ಟೆ ನಮಾಜು ಮುಗಿಯುವುದರೊಳಗೆ ಮತ್ತೆ ನೆನೆಯುವಂತಿದ್ದರೆ ತೊಳೆಯಲೂಬೇಕಿಲ್ಲ.

ಗಂಡಸರ ಈ ಕಾಯಿದೆಯ ಬೇರು ಒಬ್ಬ ಹೆಂಗಸಿನ ಪ್ರಶ್ನೆಯಲ್ಲಿದೆ. ರಕ್ತಸ್ರಾವ ನಿಲ್ಲದ ಫಾತಿಮಾ ಬಿಂತ್ ಅಬೀ ಹುಬೈಶ್, ನಾನು ನಮಾಜು ಬಿಟ್ಟುಬಿಡಲೇ ಎಂದು ಪ್ರವಾದಿಯವರನ್ನು ಕೇಳಿದರು. ಬೇಡ, ಅದು ಮುಟ್ಟಲ್ಲ, ನರದ ರಕ್ತ ಎಂಬ ಉತ್ತರ ಬಂತು. ಪಂಡಿತರು ಅದನ್ನೇ ಮೂತ್ರದ ಹನಿಗೂ ವಿಸ್ತರಿಸಿದರು. ಆಕೆ ನಾಚಿಕೊಂಡು ಸುಮ್ಮನಿದ್ದಿದ್ದರೆ?

ಇಲ್ಲೊಂದು ತೊಡಕಿದೆ. ಮಾಜೂರ್ ಆದವರ ಮೂತ್ರವೂ ಅಶುದ್ಧವೇ ಎನ್ನುತ್ತದೆ ಶಾಸ್ತ್ರ. ಅವರ ವಿಷಯದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ. ನಮ್ಮ ನೆಲದ ಶರಣರು ಹೀಗೆ ಚೌಕಾಸಿ ಮಾಡಲಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಐದೂ ಸೂತಕಗಳನ್ನು ಒಟ್ಟಿಗೇ ತಳ್ಳಿಹಾಕಿದರು. ಸುತ್ತೂರು ಮಠ ಇರುವುದು ಇದೇ ನಂಜನಗೂಡು ತಾಲ್ಲೂಕಿನಲ್ಲಿ, ಇದೇ ಕಪಿಲೆಯ ದಂಡೆಯಲ್ಲಿ. ತತ್ವವಾಗಿ ಶರಣರ ದಾರಿಯೇ ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಪ್ಪತ್ತು ವರ್ಷ ಪಾಕಿಯನ್ನು ನಂಬಿ ಬದುಕಿದ ಮುದುಕರಿಗೆ, ಅಶುದ್ಧಿ ಎಂಬುದೇ ಇಲ್ಲ ಎಂದರೆ ಅವರು ಒಪ್ಪುತ್ತಿದ್ದರೇ? ಅವರು ನಂಬಿದ ಗೋಡೆಯಲ್ಲೇ ಒಂದು ಬಾಗಿಲಿದೆ ಎಂದು ತೋರಿಸಬೇಕಿತ್ತು.

ಬಾಗಿಲು ಸಣ್ಣದು, ನಿಜ. ಹನಫಿಗಳಲ್ಲಿ ಮಾಜೂರ್ ಆದವರು ಆರೋಗ್ಯವಂತರಿಗೆ ಇಮಾಮ್ ಆಗಿ ನಿಲ್ಲುವಂತಿಲ್ಲ. ಶಾಫಿ ಪಂಥದ ಬಲವಾದ ಅಭಿಪ್ರಾಯ ಇದಕ್ಕೆ ಅಡ್ಡಿ ಹೇಳುವುದಿಲ್ಲ. ಸಾಲಿಗೆ ಸೇರಿಸಿಕೊಂಡ ಮೇಲೆ ಮುಂದೆ ನಿಲ್ಲಬೇಡ ಅನ್ನುವುದು ನನಗೆ ಸರಿಯೆನಿಸುವುದಿಲ್ಲ.

ಒಂದನ್ನಂತೂ ಮೆಚ್ಚುತ್ತೇನೆ. ಹನಿ ಬಂತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಆ ಮನುಷ್ಯರೇ. ಖಾತ್ರಿಯಿರುವುದನ್ನು ಅನುಮಾನ ಅಳಿಸದು ಎಂಬುದು ಫಿಖ್ಹಿನ ಮೂಲಸೂತ್ರಗಳಲ್ಲೊಂದು. ವುಜೂ ಮಾಡಿದ್ದು ಖಾತ್ರಿ, ಮುರಿದದ್ದು ಬರೀ ಗುಮಾನಿಯಾದರೆ ವುಜೂ ಇದೆ ಎಂದೇ ಲೆಕ್ಕ. ಬೇರೆಯವರು ಬಂದು ಬಟ್ಟೆ ಪರೀಕ್ಷಿಸುವಂತಿಲ್ಲ.

ಇಷ್ಟನ್ನೂ ಹೇಳಿದಾಗ ನಾನಾಗೆ ಸಿಟ್ಟು ಬಂತು, ಕಾಯಿದೆಯ ಮೇಲಲ್ಲ, ಪದದ ಮೇಲೆ. ನಮ್ಮ ಮನೆಯುರ್ದುವಿನಲ್ಲಿ ಮಾಜೂರ್ ಎಂದರೆ ಕೈಕಾಲು ಊನವಾದವರು. "ನಾನೇನು ಕುಂಟನೇನೋ?" ಅಂದರು. ಅಷ್ಟು ವರ್ಷ ಕೇಳಿದ ಜುಮ್ಮಾ ಬಯಾನ್‌ಗಳಲ್ಲಿ ಈ ಮಾತು ಒಮ್ಮೆಯೂ ಅವರ ಕಿವಿಗೆ ಬಿದ್ದಿರಲಿಲ್ಲ. ಎರಡು ವಾರ ಬಿಟ್ಟು, ಮಂಡಿನೋವು ಕಮ್ಮಿಯಾಗಿದೆ ಎಂದು ಮನೆಯಲ್ಲಿ ಹೇಳಿ, ಟೋಪಿ ಕೇಳಿದರು.