ಬೇಡವೆನ್ನುವ ಮುನ್ನ

ತೆರಿಗೆ ಕೊಟ್ಟು ಸಂತೋಷಪಟ್ಟ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಕಂಡರೂ ಅವನ ಮಾತನ್ನು ನಂಬುವೆನೆಂದು ಹೇಳಲಾರೆ. ಕೈಗೆ ಬರಬೇಕಾದ ಸಂಬಳದಲ್ಲಿ ಒಂದು ಪಾಲು ಕಣ್ಣಿಗೂ ಬೀಳದೆ ಬೊಕ್ಕಸ ಸೇರಿದಾಗ ಮನಸ್ಸು ಚುರ್ರೆನ್ನುವುದು ಸಹಜ. ಅಂಥ ಹೊತ್ತಿನಲ್ಲಿ ಯಾರಾದರೂ ಬಂದು, "ಸ್ವಾಮಿ, ಈ ತೆರಿಗೆ ಬೇಡವೆಂದರೆ ಇಲ್ಲೊಂದು ಗುರುತು ಹಾಕಿ, ಸಾಕು" ಎಂದು ಮತಪತ್ರವನ್ನು ಮುಂದಿಟ್ಟರೆ ನಾವು ಏನು ಮಾಡಿಯೇವು?

ನಮ್ಮ ಸಂವಿಧಾನದಲ್ಲಿ ಇಂಥ ಏರ್ಪಾಡಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಉಂಟು. ಗೊತ್ತಾದಷ್ಟು ಮಂದಿ ಮತದಾರರು ಅರ್ಜಿಗೆ ರುಜು ಹಾಕಿದರೆ ಒಂದು ಕಾನೂನನ್ನೇ ನೇರವಾಗಿ ಜನರ ಮತಕ್ಕೆ ಹಾಕಬಹುದು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2008ರ ನವೆಂಬರಿನಲ್ಲಿ ಹೀಗೇ ಆಯಿತು. ಅಲ್ಲಿ ರಾಜ್ಯದ ಆದಾಯ ತೆರಿಗೆ ಆಗ ಶೇಕಡಾ 5.3 ಇತ್ತು. ಅದನ್ನು 2009ರಲ್ಲಿ ಅರ್ಧಕ್ಕೆ ಇಳಿಸಿ, 2010ರಿಂದ ಪೂರ್ತಿ ತೆಗೆದುಹಾಕಬೇಕೆಂಬುದು ಅರ್ಜಿಯ ಬೇಡಿಕೆ. ಬೊಕ್ಕಸಕ್ಕೆ ಎಲ್ಲಕ್ಕಿಂತ ಹೆಚ್ಚು ಹಣ ತರುತ್ತಿದ್ದ ತೆರಿಗೆ ಅದು. 2002ರಲ್ಲಿ ಇಂಥದೇ ಅರ್ಜಿಗೆ ನೂರಕ್ಕೆ ಸುಮಾರು 45 ಮಂದಿ ಒಪ್ಪಿಗೆ ಕೊಟ್ಟಿದ್ದರು.

ಇಂಥ ಅರ್ಜಿ ತಪ್ಪು ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಮೆಚ್ಚಿದವರೆಲ್ಲ ಜಿಪುಣರು ಎಂದು ಹೇಳುವುದು ಅನ್ಯಾಯ. ಕ್ಯಾಲಿಫೋರ್ನಿಯದ ಕಥೆ ನೋಡಿ. 1970ರ ದಶಕದಲ್ಲಿ ಅಲ್ಲಿ ಮನೆಗಳ ಬೆಲೆ ಏರಿತು. ಬೆಲೆಯೊಡನೆ ಮನೆತೆರಿಗೆಯೂ ಏರಿತು. ನಿವೃತ್ತರಾಗಿ ಕೂತ ಮುದುಕರ ವರಮಾನ ಮಾತ್ರ ಏರಲಿಲ್ಲ. ಇದ್ದ ಮನೆಯನ್ನೇ ಮಾರಬೇಕಾದೀತೆಂಬ ಅವರ ಭಯ ಸುಳ್ಳಲ್ಲ. 1978ರ ಜೂನ್‌ನಲ್ಲಿ ನೂರಕ್ಕೆ ಸುಮಾರು 65 ಮಂದಿ ಹದಿಮೂರನೆಯ ಪ್ರಸ್ತಾಪಕ್ಕೆ ಮತ ಕೊಟ್ಟು, ಮನೆತೆರಿಗೆಯನ್ನು ಮೌಲ್ಯದ ಶೇಕಡಾ 1ಕ್ಕೆ ಕಟ್ಟಿಹಾಕಿದರು. ಮಾರಾಟವಾಗುವವರೆಗೆ ಆ ಮೌಲ್ಯವೂ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆ ತೆರಿಗೆಯ ಉತ್ಪತ್ತಿ ಕೂಡಲೇ ಅರ್ಧಕ್ಕಿಂತ ಕೆಳಗಿಳಿಯಿತು. ಊರಿನ ಶಾಲೆಗಳು ರಾಜ್ಯ ಸರ್ಕಾರದ ಕೈ ನೋಡಬೇಕಾಯಿತು. ಅಕ್ಕಪಕ್ಕದ ಎರಡು ಒಂದೇ ಬಗೆಯ ಮನೆಗಳಲ್ಲಿ ಹಳೆಯ ಒಡೆಯನಿಗೆ ಸ್ವಲ್ಪ ತೆರಿಗೆ, ನಿನ್ನೆ ಕೊಂಡವನಿಗೆ ಅದರ ಹಲವು ಪಾಲು. ಮುದುಕರ ಕಷ್ಟ ನಿಜ. ಅದಕ್ಕೆ ಅವರಿಗೆ ವಿನಾಯಿತಿ ಕೊಡಬಹುದಿತ್ತು. ತೊಟ್ಟಿ ಸೋರುತ್ತಿದ್ದರೆ ಬಿರುಕು ಮುಚ್ಚಬೇಕು. ತೊಟ್ಟಿಯನ್ನೇ ಒಡೆದರೆ ಸೋರುವುದೇನೋ ನಿಲ್ಲುತ್ತದೆ!

ಇಲ್ಲಿ ನೀತಿಯ ಪ್ರಶ್ನೆ ಏನು? ಮೊದಲನೆಯದಾಗಿ, ಅರ್ಜಿ ಅರ್ಧ ಪ್ರಶ್ನೆಯನ್ನು ಮಾತ್ರ ಕೇಳುತ್ತದೆ. "ಕೊಡುವುದು ಬೇಡವೇ?" ಎನ್ನುತ್ತದೆ, "ಯಾವುದನ್ನು ಬಿಡುತ್ತೀರಿ?" ಎನ್ನುವುದಿಲ್ಲ. ಯಾವ ಶಾಲೆ, ಯಾವ ಆಸ್ಪತ್ರೆ, ಯಾವ ಅಗ್ನಿಶಾಮಕ ದಳ ಎಂಬುದನ್ನು ಹೆಸರಿಟ್ಟು ಕೇಳಿದರೆ ಅದು ಪ್ರಾಮಾಣಿಕವಾದ ಪ್ರಶ್ನೆ. ಹೆಸರಿಡದೆ ಬಿಟ್ಟರೆ, ಕತ್ತರಿ ಆಡಿಸುವ ಪಾಪವನ್ನು ಬೇರೆಯವರ ತಲೆಗೆ ಕಟ್ಟಿದಂತೆ.

"ನಾನು ದುಡಿದದ್ದು ನನ್ನದು" ಎನ್ನಬಹುದು. ಹೌದು, ನನ್ನದೇ. ಆದರೆ ನಾನು ದುಡಿಯಲು ಹೋದ ರಸ್ತೆ ಯಾರದು? ಬಾಕಿ ಕೊಡದವನನ್ನು ನಾನು ನಿಲ್ಲಿಸಿದ ನ್ಯಾಯಾಲಯ ಯಾರದು? ನನ್ನ ಅಂಗಡಿಯ ಗುಮಾಸ್ತನಿಗೆ ಲೆಕ್ಕ ಕಲಿಸಿದ ಶಾಲೆ ಯಾರದು? ಇವೆಲ್ಲ ಸದ್ದಿಲ್ಲದೆ ನಡೆಯುವುದರಿಂದ ನಮಗೆ ಕಾಣುವುದಿಲ್ಲ. ಹತ್ತಿದ ಬೆಂಕಿ ಸುದ್ದಿಯಾಗುತ್ತದೆ. ಪಕ್ಕದ ಮನೆಗೆ ಹಬ್ಬದೆ ನಿಂತ ಬೆಂಕಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಗಟ್ಟಿಯಾದದ್ದು. ಮತಗಟ್ಟೆಗೆ ಬಾರದವರೂ ಆ ಮತಕ್ಕೆ ಬಾಧ್ಯರು. ಎಂಟು ವರ್ಷದ ಹುಡುಗನಿಗೆ ಮತವಿಲ್ಲ. ಮುಚ್ಚುವ ತರಗತಿ ಅವನದು. ಬುದ್ಧಿ ಸ್ಥಿಮಿತದಲ್ಲಿಲ್ಲದ ರೋಗಿ ಸರದಿಯಲ್ಲಿ ನಿಲ್ಲಲಾರ. ಕಡಿಮೆಯಾಗುವ ಹಾಸಿಗೆ ಅವನದು. ನನ್ನ ಹಕ್ಕನ್ನು ನಾನು ಬಿಟ್ಟುಕೊಡಬಹುದು. ಬಾಯಿಲ್ಲದವನ ಹಕ್ಕನ್ನು ಬಿಟ್ಟುಕೊಡಲು ನಾನು ಯಾರು?

ಹಾಗಾದರೆ ಸರ್ಕಾರ ಕೇಳಿದಷ್ಟು ಕೊಟ್ಟು ಬಾಯಿ ಮುಚ್ಚಿಕೊಂಡಿರಬೇಕೇ? ಖಂಡಿತ ಇಲ್ಲ. ಪೋಲಾಗುವುದನ್ನು ಕಂಡು ಸುಮ್ಮನಿರುವುದೂ ಅಪರಾಧವೇ. ಪೋಲಾದ ಹಣ ಅದೇ ಹುಡುಗನ ತರಗತಿಯದಲ್ಲವೇ? ದರ ಹೆಚ್ಚಾದರೆ ಇಳಿಸೆಂದು ಕೇಳಬೇಕು, ಲೆಕ್ಕ ಕೇಳಬೇಕು, ಕೊಡದವರನ್ನು ಚುನಾವಣೆಯಲ್ಲಿ ಇಳಿಸಬೇಕು. ಮ್ಯಾಸಚೂಸೆಟ್ಸಿನ ರಾಜಧಾನಿ ಬಾಸ್ಟನ್. 1773ರಲ್ಲಿ ಅಲ್ಲಿಯ ಜನ ಬ್ರಿಟಿಷರ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು. ತೆರಿಗೆ ಹಾಕುವ ಸಭೆಯಲ್ಲಿ ತಮ್ಮ ಪ್ರತಿನಿಧಿಯಿಲ್ಲ ಎಂಬುದು ಅವರ ದೂರಾಗಿತ್ತು. ತೆರಿಗೆಯೇ ಕೂಡದು ಎಂಬುದಲ್ಲ. ಪ್ರತಿನಿಧಿ ದೊರೆತ ಮೇಲೆ ಹೊಣೆಯೂ ಜೊತೆಗೆ ಬರುತ್ತದೆ.

2008ರಲ್ಲಿ ಬ್ಯಾಂಕುಗಳು ಕುಸಿದು ಎಲ್ಲರ ಜೇಬೂ ಬಿಗಿಯಾಗಿದ್ದ ಕಾಲ. ಆದರೂ ಆ ರಾಜ್ಯದಲ್ಲಿ ನೂರಕ್ಕೆ ಸುಮಾರು 70 ಮಂದಿ ಅರ್ಜಿಯನ್ನು ತಳ್ಳಿಹಾಕಿದರು. ಅವರೆಲ್ಲ ತೆರಿಗೆಯನ್ನು ಪ್ರೀತಿಸಿದರೆಂದು ನಾನು ನಂಬುವುದಿಲ್ಲ. ಪ್ರಶ್ನೆಯ ಉಳಿದರ್ಧವನ್ನು ತಾವೇ ಕೇಳಿಕೊಂಡಿರಬೇಕು. ತೆರಿಗೆ ಕಟ್ಟುವಾಗ ನನ್ನ ಮನಸ್ಸೂ ಇನ್ನು ಮುಂದೆಯೂ ಚುರ್ರೆನ್ನುವುದೇ. ಅನ್ನಲಿ, ಲೆಕ್ಕ ಕೇಳಲು ಮರೆಯದಂತೆ ಮಾಡುವುದು ಆ ನೋವೇ.